ಸಿವಿಲ್ ವಿದ್ಯಾರ್ಥಿಗಳಿಗೆ ವ್ಯವಹಾರ ಕಲಿಸೋದು ಹೇಗೆ? ಶನಿವಾರದ ಬಟವಾಡೆಯಿಂದ ಶುರು ಮಾಡಿ

ಸಿವಿಲ್ ಇಂಜಿನಿಯರಿಂಗ್ ಕೊನೇ ವರ್ಷದ ಹುಡುಗನನ್ನು ಕರೆದು ಒಂದು ಬೀಮ್ ಡಿಸೈನ್ ಮಾಡು ಅಂದರೆ ಮಾಡುತ್ತಾನೆ. ಅದೇ ಹುಡುಗನಿಗೆ "ಈ ಶನಿವಾರ ಹನ್ನೊಂದು ಜನಕ್ಕೆ ವಾರದ ಕೂಲಿ ಬಟವಾಡೆ ಮಾಡಬೇಕು, ಬಿಲ್ ದುಡ್ಡು ಬರೋದು ಮುಂದಿನ ತಿಂಗಳು, ಏನ್ ಮಾಡ್ತೀಯಪ್ಪಾ?" ಅಂತ ಕೇಳಿ ನೋಡಿ. ಸುಮ್ಮನೆ ನಿಂತುಬಿಡುತ್ತಾನೆ. ಅವನ ತಪ್ಪಲ್ಲ, ನಾವು ಯಾರೂ ಹೇಳಿಕೊಟ್ಟಿಲ್ಲ.

ಪೇಪರ್ ಇಲ್ಲ ಅಂತಲ್ಲ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸಿಲೆಬಸ್ಸಿನಲ್ಲಿ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಅಂಡ್ ಎಂಟ್ರಪ್ರಿನ್ಯೂರ್‌ಶಿಪ್ ಅಂತ ಒಂದು ವಿಷಯ ಬಂದು ವರ್ಷಗಳಾದವು. ಆದರೆ ಬಹಳ ಕಡೆ ಅದು ನಡೆಯೋದು ಬಾಯಿಪಾಠದ ಮೇಲೆ. ಫಯೋಲ್ ಹೇಳಿದ ಮ್ಯಾನೇಜ್‌ಮೆಂಟಿನ 14 ತತ್ವ ಬರಿ, ಉದ್ಯಮಿಯ ಗುಣಗಳನ್ನು ಬರಿ, ಹತ್ತು ಮಾರ್ಕ್ಸ್ ತಗೋ. ಪರೀಕ್ಷೆ ಮುಗಿದ ಮಾರನೇ ದಿನ ಒಂದೂ ನೆನಪಿರಲ್ಲ. ನೀವು ಈ ಪೇಪರ್ ತೆಗೆದುಕೊಳ್ಳುವ ಮೇಷ್ಟ್ರೋ ಮೇಡಮ್ಮೋ ಆಗಿದ್ದರೆ, ಸಿಲೆಬಸ್ಸಿಗೆ ಮೋಸ ಮಾಡದೆ ಇದನ್ನೇ ಬೇರೆ ಥರ ಕಲಿಸಬಹುದು. ನಾನು ಹೇಗೆ ಮಾಡುತ್ತೇನೆ ಅಂತ ಬರೆಯುತ್ತೇನೆ. ನಿಮ್ಮೂರಿಗೆ ತಕ್ಕಂತೆ ಬದಲಾಯಿಸಿಕೊಳ್ಳಿ.

ಮೊದಲ ಕ್ಲಾಸು: ಲಾಭ ಎಲ್ಲಿ ಹೋಯಿತು?

ನಾನು ಶುರು ಮಾಡೋದು ನನ್ನದೇ ಕಥೆಯಿಂದ. ಪಾಠಕ್ಕೆ ಬರುವ ಮೊದಲು ಕೆಲವು ವರ್ಷ ಸೈಟಲ್ಲಿದ್ದೆ. ಸ್ವಂತವಾಗಿ ಹಿಡಿದ ಮೊದಲ ಕೆಲಸ ಒಂದು ಕಾಂಪೌಂಡ್ ಗೋಡೆ, 12 ಲಕ್ಷದ್ದು, ದೊಡ್ಡ ಕಾಂಟ್ರಾಕ್ಟರ್ ಒಬ್ಬರ ಕೈಕೆಳಗೆ. ಶೇಕಡ 10 ಲಾಭ ಇಟ್ಟಿದ್ದೆ, ಅಂದರೆ 1,20,000. ಗೋಡೆ ಚೆನ್ನಾಗಿ ಬಂತು, ಟೈಮಿಗೆ ಮುಗಿಯಿತು, ಅಂದುಕೊಂಡಷ್ಟೇ ಖರ್ಚಾಯಿತು. ಬಿಲ್ ಮಾತ್ರ ನಾಲ್ಕು ತಿಂಗಳು ತಡವಾಯಿತು. ಅಷ್ಟೊತ್ತಿಗೆ ನಾನು 8 ಲಕ್ಷ ಕೈಸಾಲ ತಂದಿದ್ದೆ, ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ. ತಿಂಗಳಿಗೆ 16,000, ನಾಲ್ಕು ತಿಂಗಳಿಗೆ 64,000. ಕೊನೆಗೆ ಬಿಲ್ ಬಂದಾಗ ಶೇಕಡ 5 ರಿಟೆನ್ಷನ್ ಅಂತ 60,000 ಹಿಡಿದುಕೊಂಡರು, ಒಂದು ವರ್ಷ ಬಿಟ್ಟು ಕೊಡುವ ದುಡ್ಡು ಅದು. 1,20,000ದಲ್ಲಿ 64,000 ಕಳೆಯಿರಿ, 60,000 ಕಳೆಯಿರಿ. ನಾಲ್ಕು ಸಾವಿರ ಮೈನಸ್. ಆವತ್ತು ರಾತ್ರಿ ಆ ಲೆಕ್ಕವನ್ನು ಮೂರು ಸಲ ಹಾಕಿದ್ದೆ, ಎಲ್ಲೋ ತಪ್ಪಿರಬೇಕು ಅಂತ.

ಇದನ್ನು ಬೋರ್ಡಿನ ಮೇಲೆ ಬರೆದು, ಕೊನೇ ಸಾಲು ಮಾತ್ರ ಬರೆಯದೆ ಬಿಡಿ. ಹುಡುಗರೇ ಕಳೆಯಲಿ. ಉತ್ತರ ಸಿಕ್ಕಿದಾಗ ಕ್ಲಾಸು ಒಂದು ಕ್ಷಣ ಸುಮ್ಮನಾಗುತ್ತೆ. ಆಮೇಲೆ ಒಂದೇ ಪ್ರಶ್ನೆ ಕೇಳಿ: ಈ ಮನುಷ್ಯ ತಪ್ಪು ಮಾಡಿದ್ದು ಯಾವ ದಿನ? ಬಿಲ್ ತಡವಾದ ದಿನ ಅನ್ನುತ್ತಾರೆ ಎಲ್ಲರೂ. ಅಲ್ಲ. ದುಡ್ಡು ಯಾವಾಗ ಬರುತ್ತೆ ಅಂತ ಕಾಗದದಲ್ಲಿ ಬರೆಸಿಕೊಳ್ಳದೆ ಕೆಲಸ ಒಪ್ಪಿಕೊಂಡ ದಿನ. ಇಡೀ ಸೆಮಿಸ್ಟರಲ್ಲಿ ನಾನು ಕಲಿಸೋದು ಇದೊಂದನ್ನೇ: ಎಷ್ಟು ಬರುತ್ತೆ ಅನ್ನೋದರ ಜೊತೆಗೆ ಯಾವಾಗ ಬರುತ್ತೆ ಅಂತಲೂ ಕೇಳೋದು. ಉಳಿದದ್ದೆಲ್ಲ ಅದರ ಹಿಂದೆ ಬರುತ್ತೆ.

ಒಂದೇ ಮನೆ, ಇಡೀ ಸೆಮಿಸ್ಟರ್

ಅಧ್ಯಾಯಕ್ಕೊಂದು ಹೊಸ ಉದಾಹರಣೆ ಬೇಡ. ಒಂದು 30×40 ಸೈಟು, ಅದರಲ್ಲಿ ಹತ್ತು ಚದರದ ಒಂದು ಮನೆ, ಅಂದರೆ 1,000 ಚದರಡಿ, ಗ್ರೌಂಡ್ ಫ್ಲೋರ್ ಮಾತ್ರ. ಪ್ಲಾನನ್ನು ಅವರು ಮುಂಚೆಯೇ ಡ್ರಾಯಿಂಗ್ ಕ್ಲಾಸಲ್ಲಿ ಹಾಕಿರುತ್ತಾರೆ, ಅದನ್ನೇ ತೆಗೆದುಕೊಳ್ಳಿ. ನಾಲ್ಕು ನಾಲ್ಕು ಜನರ ತಂಡ ಮಾಡಿ. ಪ್ರತಿ ತಂಡವೂ ಒಂದು ಕಂಪನಿ. ಒಬ್ಬರಿಗೆ ದುಡ್ಡಿನ ಲೆಕ್ಕ, ಒಬ್ಬರಿಗೆ ಖರೀದಿ, ಒಬ್ಬರಿಗೆ ಸೈಟು, ಒಬ್ಬರಿಗೆ ಕಾಗದ ಪತ್ರ. ಮೂರು ವಾರಕ್ಕೊಮ್ಮೆ ಕೆಲಸ ಅದಲು ಬದಲು ಮಾಡಲೇಬೇಕು. ಇಲ್ಲದಿದ್ದರೆ ಅಕ್ಷರ ಚೆನ್ನಾಗಿದೆ ಅಂತ ಹುಡುಗಿಯರ ಕೈಗೆ ಫೈಲು ಕೊಟ್ಟು ಹುಡುಗರು ಸೈಟು ಇಟ್ಟುಕೊಳ್ಳುತ್ತಾರೆ. ನಾನು ನೋಡಿದ ಪ್ರತಿ ಬ್ಯಾಚಲ್ಲೂ ಹೀಗೇ ಆಗಿದೆ. ಮೇಸ್ತ್ರಿ ಜೊತೆ ರೇಟ್ ಮಾತಾಡೋದನ್ನು ಆ ಹುಡುಗಿಯೂ ಕಲಿಯಬೇಕು, ಅಲ್ವಾ?

ಮೊದಲ ಕೆಲಸ, ಊರಿನ ಅಂಗಡಿಗಳಿಗೆ ಹೋಗಿ ರೇಟ್ ತರೋದು. ಸಿಮೆಂಟು, ಕಬ್ಬಿಣ, ಎಂ ಸ್ಯಾಂಡು, ಜಲ್ಲಿ, ಸಾಲಿಡ್ ಬ್ಲಾಕು. ಇಂಟರ್ನೆಟ್ ರೇಟ್ ಒಪ್ಪಬೇಡಿ. ಎರಡು ಅಂಗಡಿಯ ಕೊಟೇಶನ್ ಬೇಕು. ಹೋಗಿ ಬಂದವರು ಪುಸ್ತಕದಲ್ಲಿ ಇಲ್ಲದ ಎಷ್ಟೋ ಸಂಗತಿ ತರುತ್ತಾರೆ. ನಗದು ರೇಟ್ ಬೇರೆ, ಉದ್ರಿ ರೇಟ್ ಬೇರೆ. ಲಾರಿ ಬಾಡಿಗೆ ಯಾರದ್ದು, ಇಳಿಸುವ ಕೂಲಿ ಯಾರದ್ದು ಅಂತ ಕೇಳದಿದ್ದರೆ ಆಮೇಲೆ ಜಗಳ. ರೇಟಲ್ಲಿ ಜಿಎಸ್‌ಟಿ ಸೇರಿದೆಯೋ ಇಲ್ಲವೋ. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡ 28ರಿಂದ 18ಕ್ಕೆ ಇಳಿಯಿತು. ಸರ್ಕಾರಿ ಕಾಮಗಾರಿಗಳ ಜಿಎಸ್‌ಟಿ 2022ರ ಜುಲೈಯಲ್ಲಿ ಶೇಕಡ 12ರಿಂದ 18ಕ್ಕೆ ಏರಿತ್ತು. ಎರಡನ್ನೂ ಪಕ್ಕ ಪಕ್ಕ ಬರೆದು ಕೇಳಿ: ಕೆಲಸ ಅರ್ಧ ಆಗಿರುವಾಗ ತೆರಿಗೆ ಬದಲಾದರೆ ಲಾಭ ಯಾರಿಗೆ, ಹೊರೆ ಯಾರಿಗೆ? ಅಗ್ರಿಮೆಂಟಲ್ಲಿ ಏನು ಬರೆದಿದೆಯೋ ನೋಡಬೇಕು ಅನ್ನುವ ಉತ್ತರ ಅವರ ಬಾಯಿಂದಲೇ ಬರಲಿ.

ಮೋಲ್ಡ್ ಹಾಕುವ ವಾರ

ಮೋಲ್ಡ್ ಅಂದರೆ ಮನೆಯ ಕಾಂಕ್ರೀಟ್ ಚಾವಣಿ. ಇದಕ್ಕೆ ಪೂರ್ತಿ ಎರಡು ಕ್ಲಾಸು ಕೊಡಿ. ನಿಜವಾದ ಪಾಠ ಇರೋದು ಇಲ್ಲೇ.

ಮಾಲೀಕರ ಜೊತೆ ಆದ ಒಪ್ಪಂದ ಹೀಗಿದೆ ಅಂತ ಇಟ್ಟುಕೊಳ್ಳಿ. ಚದರಡಿಗೆ 2,000, ಒಟ್ಟು 20 ಲಕ್ಷ. ಅಡ್ವಾನ್ಸ್ ಶೇಕಡ 10, ತಳಪಾಯ ಮುಗಿದ ಮೇಲೆ 20, ಲಿಂಟಲ್ (ಬಾಗಿಲು ಕಿಟಕಿ ಮೇಲಿನ ಅಡ್ಡಪಟ್ಟಿ) ಮಟ್ಟಕ್ಕೆ 20, ಮೋಲ್ಡ್ ಆದ ಮೇಲೆ 25, ಪ್ಲಾಸ್ಟರಿಂಗ್ ಆದ ಮೇಲೆ 15, ಕೀಲಿ ಕೊಟ್ಟ ಮೇಲೆ 10. ನೋಡೋಕೆ ಚೆನ್ನಾಗಿದೆ. ಈಗ ಮೋಲ್ಡ್ ಹಾಕುವ ವಾರಕ್ಕೆ ಬನ್ನಿ. ಸ್ಲ್ಯಾಬ್ ಮತ್ತು ಬೀಮ್ ಸೇರಿ ಸುಮಾರು 15 ಘನ ಮೀಟರ್ ಕಾಂಕ್ರೀಟು. ಘನ ಮೀಟರಿಗೆ 8 ಮೂಟೆ ಅಂದರೆ 120 ಮೂಟೆ ಸಿಮೆಂಟು, 400ರಂತೆ 48,000. ಕಬ್ಬಿಣ ಒಂದೂವರೆ ಟನ್, ಕಿಲೋಗೆ 60ರಂತೆ 90,000. ಜಲ್ಲಿ ಮತ್ತು ಮರಳು 32,000. ಸೆಂಟ್ರಿಂಗ್ (ಕಾಂಕ್ರೀಟ್ ಹಿಡಿದಿಡುವ ಹಲಗೆ, ಆಧಾರ), ಕಂಬಿ ಕಟ್ಟೋದು, ಕಾಂಕ್ರೀಟ್ ಹಾಕೋ ದಿನದ ಕೂಲಿ ಮತ್ತು ಮಿಕ್ಸರ್ ಬಾಡಿಗೆ ಎಲ್ಲ ಸೇರಿ 80,000. ಒಟ್ಟು ಎರಡೂವರೆ ಲಕ್ಷ. (ಈ ರೇಟುಗಳು ಲೆಕ್ಕಕ್ಕೆ ಅಂತ ನಾನು ಇಟ್ಟುಕೊಂಡಿದ್ದು. ನಿಮ್ಮ ಹುಡುಗರು ತಂದ ರೇಟನ್ನೇ ಹಾಕಿ.) ಲಿಂಟಲ್ ಕಂತಿನ ದುಡ್ಡು ಗೋಡೆ ಏರಿಸೋಕೆ ಖರ್ಚಾಗಿ ಕೈಯಲ್ಲಿ ಉಳಿದಿರೋದು 1,10,000. ಮಾಲೀಕರು 5 ಲಕ್ಷ ಕೊಡುತ್ತಾರೆ, ಖಂಡಿತ ಕೊಡುತ್ತಾರೆ, ಆದರೆ ಮೋಲ್ಡ್ ಆದ ಮೇಲೆ.

1,40,000 ಎಲ್ಲಿಂದ ತರೋದು?

ತಂಡಗಳು ಜಗಳ ಆಡಲಿ, ನೀವು ಬಾಯಿ ಹಾಕಬೇಡಿ. ಒಂದು ತಂಡ ಕಬ್ಬಿಣದ ಅಂಗಡಿಯಲ್ಲಿ ಹದಿನೈದು ದಿನ ಉದ್ರಿ ತಗೊಳ್ಳೋಣ ಅನ್ನುತ್ತೆ. ಸರಿ, ಉದ್ರಿ ರೇಟ್ ಎಷ್ಟು ಅಂತ ತಂದಿದ್ದೀರಾ? ಇನ್ನೊಂದು ತಂಡ ಕೈಸಾಲ ಅನ್ನುತ್ತೆ. ಮತ್ತೊಂದು ಕೂಲಿ ಮುಂದಿನ ವಾರ ಕೊಡೋಣ ಅನ್ನುತ್ತೆ. ಆಗ ಮಾತ್ರ ನೀವು ಗಟ್ಟಿಯಾಗಿ ಬೇಡ ಅನ್ನಬೇಕು. ಶನಿವಾರ ಬಟವಾಡೆ ಆಗದಿದ್ದರೆ ಆ ಮನೆಗಳಲ್ಲಿ ಭಾನುವಾರ ಸಂತೆ ಆಗಲ್ಲ. ಸೋಮವಾರ ಅವರು ಬೇರೆ ಸೈಟಿಗೆ ಹೋದರೆ ಯಾರನ್ನೂ ದೂರುವ ಹಾಗಿಲ್ಲ. ಕೊನೆಗೆ ಯಾರೋ ಒಬ್ಬರು ಕೈ ಎತ್ತಿ "ಸಾರ್, ಮೋಲ್ಡ್ ಕಂತನ್ನೇ ಎರಡು ಮಾಡಿದ್ದರೆ? ಸೆಂಟ್ರಿಂಗ್ ಮುಗಿದು ಕಂಬಿ ಕಟ್ಟಿದಾಗ ಅರ್ಧ, ಕಾಂಕ್ರೀಟ್ ಆದ ಮೇಲೆ ಅರ್ಧ?" ಅನ್ನುತ್ತಾರೆ. ಅಷ್ಟು ಸಾಕು. ಎಲ್ಲರೂ ಅಗ್ರಿಮೆಂಟಿಗೆ ವಾಪಸ್ ಹೋಗಿ ಕಂತುಗಳನ್ನು ಹೊಸದಾಗಿ ಬರೆಯಲಿ. ಮಾಲೀಕರ ಕಡೆಯಿಂದಲೂ ಯೋಚಿಸಲಿ. ಅವರೂ ಬ್ಯಾಂಕ್ ಸಾಲ ಮಾಡಿರುತ್ತಾರೆ, ಕೆಲಸಕ್ಕಿಂತ ದುಡ್ಡು ಮುಂದೆ ಹೋಗಬಾರದು ಅನ್ನುವ ಭಯ ಅವರಿಗೂ ಇರುತ್ತೆ.

ಇದಾದ ಮೇಲೆ ವಾರಕ್ಕೊಂದು ಸಾಲಿನ ಪಟ್ಟಿ ಮಾಡಿಸಿ: ಈ ವಾರ ಬಂದದ್ದು, ಹೋದದ್ದು, ಉಳಿದದ್ದು. ಮೊದಲು ಪೆನ್ನು ಕಾಗದದಲ್ಲಿ, ಆಮೇಲೆ ಎಕ್ಸೆಲ್. ಉಳಿದದ್ದು ಮೈನಸ್ ಆದ ವಾರಕ್ಕೆ ಕೆಂಪು ಬಣ್ಣ. ಕೆಂಪು ಇಲ್ಲದ ಹಾಗೆ ಕೆಲಸ ಜೋಡಿಸೋದೇ ಮ್ಯಾನೇಜ್‌ಮೆಂಟ್ ಅಂತ ಅವರಿಗೆ ಬೇರೆ ಹೇಳಬೇಕಾಗಿಲ್ಲ.

ಉಳಿತಾಯ ಅಂದರೆ ಸಿಮೆಂಟ್ ಕಡಿಮೆ ಹಾಕೋದಲ್ಲ

ಖರ್ಚು ಕಡಿಮೆ ಮಾಡಿ ಅಂದ ತಕ್ಷಣ ಕೆಲವರು ಸಿಮೆಂಟಿಗೆ ಕೈ ಹಾಕುತ್ತಾರೆ. ಬಯ್ಯಬೇಡಿ, ಬೇರೆ ದಾರಿ ತೋರಿಸಿ. ನಾನು ಕಂಬಿಯ ಲೆಕ್ಕ ಕೊಡುತ್ತೇನೆ. ಅಂಗಡಿಯಲ್ಲಿ ಸಿಗೋದು 12 ಮೀಟರಿನ ಕಂಬಿ. 4.1 ಮೀಟರಿನ 60 ತುಂಡು ಬೇಕು ಅಂದರೆ, ಒಂದು ಕಂಬಿಗೆ ಎರಡು ತುಂಡು, 30 ಕಂಬಿ. ಪ್ರತಿ ಕಂಬಿಯಲ್ಲೂ 3.8 ಮೀಟರ್ ಉಳಿಯುತ್ತೆ. ಮನೆಯ ಇನ್ನೊಂದು ಕಡೆ 3.8 ಮೀಟರಿನ ತುಂಡು ಬೇಕಾಗಿದ್ದರೆ ಅಲ್ಲಿಗೆ ಹೋಗುತ್ತೆ. ಅದನ್ನು ನೋಡದೆ ಬಾರ್ ಬೆಂಡರ್ ಹೊಸ ಕಂಬಿ ಕತ್ತರಿಸಿದರೆ ಈ 30 ತುಂಡು ಮೂಲೆಗೆ. 12 ಎಂಎಂ ಕಂಬಿ ಮೀಟರಿಗೆ 0.89 ಕಿಲೋ. 30 ತುಂಡಿಗೆ ಸುಮಾರು 101 ಕಿಲೋ, 60ರಂತೆ 6,000 ರೂಪಾಯಿ. ಒಂದೇ ಅಳತೆಯ ಕಂಬಿಯಲ್ಲಿ! ಬಾರ್ ಬೆಂಡಿಂಗ್ ಷೆಡ್ಯೂಲನ್ನು, ಅಂದರೆ ಯಾವ ಕಂಬಿ ಎಷ್ಟು ಉದ್ದ, ಎಷ್ಟು ತುಂಡು ಅನ್ನುವ ಪಟ್ಟಿಯನ್ನು, ಇವರು ಎಸ್ಟಿಮೇಶನ್ ಪೇಪರಿನಲ್ಲಿ ಮಾಡಿಯೇ ಇರುತ್ತಾರೆ. ಅದು ದುಡ್ಡಿನ ಕಾಗದ ಅಂತ ಗೊತ್ತಾಗೋದು ಈಗ. ತುಂಡುಗಳನ್ನು ಅಳತೆವಾರು ಜೋಡಿಸಿ ಇಡುವ ಜಾಗ, ಕತ್ತರಿಸುವ ಮೊದಲು ಚೀಟಿ ಬರೆಯುವ ಅಭ್ಯಾಸ, ಇವೆಲ್ಲ ಇಲ್ಲಿಂದಲೇ ಕಲಿಸಿ.

ಇಲ್ಲೇ ಓವರ್‌ಹೆಡ್ಡನ್ನೂ ಮುಗಿಸಿಬಿಡಿ. ರೇಟ್ ಅನಾಲಿಸಿಸ್ಸಲ್ಲಿ (ಒಂದು ಕೆಲಸದ ದರ ಹೇಗೆ ಬಂತು ಅನ್ನುವ ಲೆಕ್ಕ) ಕಾಂಟ್ರಾಕ್ಟರ್ ಲಾಭ ಮತ್ತು ಓವರ್‌ಹೆಡ್ ಅಂತ ಶೇಕಡ 15 ಹಾಕೋದನ್ನು ಸಿಪಿಡಬ್ಲ್ಯೂಡಿ (ಕೇಂದ್ರ ಲೋಕೋಪಯೋಗಿ ಇಲಾಖೆ) ಪದ್ಧತಿಯಲ್ಲಿ ನೋಡಿರುತ್ತಾರೆ. ಹದಿನೈದೂ ಲಾಭವೇ ಅಂದುಕೊಂಡಿರುತ್ತಾರೆ. ವಾಚ್‌ಮನ್ ಸಂಬಳ, ಶೆಡ್ಡು, ನೀರಿನ ಟ್ಯಾಂಕರ್, ಕರೆಂಟ್, ಬೈಕಿನ ಪೆಟ್ರೋಲು, ಲೆಕ್ಕ ಬರೆಯುವವರ ಫೀಸು ಒಂದೊಂದಾಗಿ ಬರೆಸಿ. ಇವೆಲ್ಲ ಓವರ್‌ಹೆಡ್, ಲಾಭ ಅಲ್ಲ ಅಂತ ಆಗ ಗೊತ್ತಾಗುತ್ತೆ.

ಟೆಂಡರ್: ನಿಜವಾದ ಕಾಗದವನ್ನೇ ಓದಿಸಿ

ಸರ್ಕಾರಿ ಟೆಂಡರುಗಳು ಕೆಪಿಪಿಪಿ ಅನ್ನುವ ರಾಜ್ಯದ ಖರೀದಿ ಪೋರ್ಟಲಿನಲ್ಲಿ ಎಲ್ಲರಿಗೂ ಕಾಣುತ್ತವೆ. ನಿಮ್ಮ ತಾಲ್ಲೂಕಿನದೇ ಒಂದು ಸಣ್ಣ ಕೆಲಸ ಹುಡುಕಿ, ಚರಂಡಿಯೋ ಶಾಲೆಯ ಕೊಠಡಿಯೋ. ಕರ್ನಾಟಕದಲ್ಲಿ ಇದೆಲ್ಲ ನಡೆಯೋದು 1999ರ ಕೆಟಿಪಿಪಿ ಕಾಯ್ದೆಯ (ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಯ ಕಾಯ್ದೆ) ಕೆಳಗೆ. ಕೆಡಬ್ಲ್ಯೂ ಅಂತ ಶುರುವಾಗುವ ಮಾದರಿ ಟೆಂಡರ್ ದಾಖಲೆಗಳಿವೆ. ಇಡೀ ದಾಖಲೆ ಓದಿಸೋಕೆ ಹೋಗಬೇಡಿ. ಇಎಂಡಿ (ಟೆಂಡರ್ ಹಾಕುವಾಗ ಇಡುವ ದುಡ್ಡು) ಎಷ್ಟು, ತಡವಾದರೆ ದಂಡ ಎಷ್ಟು, ಡಿಫೆಕ್ಟ್ ಲಯಬಿಲಿಟಿ (ಕೆಲಸ ಮುಗಿದ ಮೇಲೆ ದೋಷ ಬಂದರೆ ಸರಿ ಮಾಡುವ ಹೊಣೆ) ಎಷ್ಟು ದಿನ, ಸಾಮಾನಿನ ಬೆಲೆ ಏರಿದರೆ ಕೊಡುತ್ತಾರೋ ಇಲ್ಲವೋ. ಈ ನಾಲ್ಕನ್ನು ಹುಡುಕಿ ಗೆರೆ ಎಳೆದು ತರಲಿ.

ಆಮೇಲೆ ಬಿಲ್ ಲೆಕ್ಕ. 10 ಲಕ್ಷದ ಬಿಲ್ ಪಾಸಾಯಿತು ಅಂದುಕೊಳ್ಳಿ, ಜಿಎಸ್‌ಟಿ ಬಿಟ್ಟು. ಒಬ್ಬನೇ ನಡೆಸುವ ಫರ್ಮ್ ಆದರೆ ಆದಾಯ ತೆರಿಗೆ ಟಿಡಿಎಸ್ (ಬಿಲ್ಲಿನಲ್ಲೇ ಮುರಿದುಕೊಳ್ಳುವ ತೆರಿಗೆ) ಶೇಕಡ 1, ಅಂದರೆ 10,000. ಸರ್ಕಾರಿ ಕೆಲಸ ಎರಡೂವರೆ ಲಕ್ಷಕ್ಕಿಂತ ಜಾಸ್ತಿ ಇದ್ದರೆ ಜಿಎಸ್‌ಟಿ ಟಿಡಿಎಸ್ ಶೇಕಡ 2, ಅಂದರೆ 20,000. ಕಾರ್ಮಿಕ ಸೆಸ್ ಶೇಕಡ 1, ಇನ್ನೊಂದು 10,000. ಠೇವಣಿ ಶೇಕಡ 5 ಅಂತ ಇದ್ದರೆ 50,000. ಒಟ್ಟು 90,000 ಹೋಯಿತು. ಈಗ ಕೇಳಿ, ಇದರಲ್ಲಿ ಯಾವುದು ವಾಪಸ್ ಬರುತ್ತೆ? ಆದಾಯ ತೆರಿಗೆಯದ್ದು ರಿಟರ್ನ್ ಹಾಕಿದಾಗ ಲೆಕ್ಕಕ್ಕೆ ಬರುತ್ತೆ. ಜಿಎಸ್‌ಟಿಯದ್ದು ಪೋರ್ಟಲಿನ ಕ್ಯಾಶ್ ಲೆಡ್ಜರಿಗೆ ಬರುತ್ತೆ. ಠೇವಣಿ ಅವಧಿ ಮುಗಿದ ಮೇಲೆ ಬರುತ್ತೆ, ಕೇಳಿ ತೆಗೆದುಕೊಂಡರೆ. ಸೆಸ್ ವಾಪಸ್ ಬರಲ್ಲ, ಅದನ್ನು ರೇಟಿನಲ್ಲೇ ಸೇರಿಸಿರಬೇಕಿತ್ತು. ಹೀಗೆ ಒಂದೊಂದು ಕಡಿತಕ್ಕೂ ಒಂದು ದಿನಾಂಕ ಹಚ್ಚೋದು ಗೊತ್ತಾದರೆ ಅರ್ಧ ಕಾಂಟ್ರಾಕ್ಟರ್ ಆದ ಹಾಗೆ.

ಒಂದು ದಿನ ಕ್ಲಾಸಲ್ಲೇ ಹರಾಜಿನಂತೆ ನಡೆಸಿ. ಪ್ರತಿ ತಂಡವೂ ಲಕೋಟೆಯಲ್ಲಿ ರೇಟ್ ಕೊಡಲಿ. ಕಡಿಮೆ ಹಾಕಿದವರಿಗೆ ಕೆಲಸ. ಗೆದ್ದವರು ಚಪ್ಪಾಳೆ ಹೊಡೆದುಕೊಳ್ಳುತ್ತಾರೆ. ಆಗ ಚೀಟಿ ಎತ್ತಿಸಿ. "ಯುಗಾದಿಗೆ ಊರಿಗೆ ಹೋದ ಯಾದಗಿರಿಯ ಗ್ಯಾಂಗ್ ಹತ್ತು ದಿನ ತಡವಾಗಿ ಬಂತು." "ಕಬ್ಬಿಣ ಕಿಲೋಗೆ 6 ರೂಪಾಯಿ ಏರಿತು." "ಪಾಯ ತೋಡಿದಾಗ ಬಂಡೆ ಸಿಕ್ಕಿತು." "ಮಾಲೀಕರು ಬಚ್ಚಲ ಜಾಗ ಬದಲಾಯಿಸಿದರು." ಪ್ರತಿ ಚೀಟಿಗೂ ವಾರದ ಆ ನಗದು ಪಟ್ಟಿ ತಿದ್ದಬೇಕು.

ಬರೆದು ಇಡೋದು

ಆ ಬಚ್ಚಲ ಚೀಟಿಯನ್ನು ಸ್ವಲ್ಪ ಹಿಗ್ಗಿಸಿ. ಮಾಲೀಕರು ಸೈಟಿಗೆ ಬಂದು "ಇದನ್ನ ಆ ಕಡೆ ಮಾಡಿಬಿಡಿ" ಅಂದು ಹೋದರು. ಹುಡುಗರು ಮಾಡಿಬಿಡುತ್ತಾರೆ. ಕೊನೆಗೆ ಎಕ್ಸ್‌ಟ್ರಾ ಅಂತ ಕೇಳಿದರೆ ಮಾಲೀಕರು "ಅಯ್ಯೋ ಅದಕ್ಕೂ ದುಡ್ಡಾ?" ಅನ್ನುತ್ತಾರೆ. ಅವತ್ತೇ ಸಂಜೆ ಒಂದು ಮೆಸೇಜ್ ಕಳಿಸೋದನ್ನು ಕಲಿಸಿ, ಕನ್ನಡದಲ್ಲೇ, ಮರ್ಯಾದೆಯಿಂದ: "ಸಾರ್, ಇವತ್ತು ನೀವು ಹೇಳಿದಂತೆ ಬಚ್ಚಲ ಜಾಗ ಬದಲಾಯಿಸಿದರೆ 14,500 ಜಾಸ್ತಿ ಆಗುತ್ತದೆ, ಮೂರು ದಿನ ಹೆಚ್ಚು ಬೇಕಾಗುತ್ತದೆ. ನೀವು ಸರಿ ಅಂದರೆ ನಾಳೆಯಿಂದ ಶುರು ಮಾಡುತ್ತೇವೆ." ಮೂರೇ ಮಾತು. ದುಡ್ಡು, ದಿನ, ಒಪ್ಪಿಗೆ. ಹತ್ತು ಪುಟದ ಕಮ್ಯುನಿಕೇಶನ್ ಸ್ಕಿಲ್ ನೋಟ್ಸಿಗಿಂತ ಇದು ಜಾಸ್ತಿ ಉಪಯೋಗಕ್ಕೆ ಬರುತ್ತೆ. ಪ್ರತಿ ತಂಡವೂ ದಿನಕ್ಕೆ ಐದು ಸಾಲಿನ ಸೈಟ್ ಡೈರಿ ಬರೆಯಲಿ. ಅಳತೆ ಪುಸ್ತಕ, ಅಂದರೆ ಎಂಬಿ, ಬರೆಯುವಾಗ ಅಳಿಸಬಾರದು, ಗೆರೆ ಹೊಡೆದು ಸಹಿ ಹಾಕಬೇಕು ಅನ್ನೋದನ್ನು ಮೊದಲ ದಿನವೇ ರೂಢಿ ಮಾಡಿಸಿ.

ಮೇಸ್ತ್ರಿಯವರನ್ನು ಕ್ಲಾಸಿಗೆ ಕರೆಯಿರಿ

ಕಾಲೇಜಿಗೆ ಗೆಸ್ಟ್ ಲೆಕ್ಚರ್ ಅಂದರೆ ಯಾವುದೋ ಕಂಪನಿಯ ಮ್ಯಾನೇಜರ್ ಬಂದು ಪಿಪಿಟಿ ತೋರಿಸುತ್ತಾರೆ. ಒಂದು ಸಲ ಮೇಸ್ತ್ರಿಯವರನ್ನು ಕರೆಯಿರಿ. ಬೇರೆ ಅತಿಥಿಗಳಿಗೆ ಕೊಡುವ ಗೌರವಧನವನ್ನೇ ಕೊಡಿ, ಒಂದು ದಿನದ ಕೂಲಿ ಹೋಗಿರುತ್ತೆ ಅವರದ್ದು. ಮುಂದಿನ ಸಾಲಲ್ಲಿ ಕೂರಿಸಿ. ಭಾಷಣ ಕೇಳಬೇಡಿ, ಪ್ರಶ್ನೆ ಕೇಳಿ. ಪುಸ್ತಕದಲ್ಲಿ ಒಬ್ಬ ಗಾರೆಯವರು ದಿನಕ್ಕೆ ಒಂದೂಕಾಲು ಘನ ಮೀಟರ್ ಇಟ್ಟಿಗೆ ಕಟ್ಟುತ್ತಾರೆ ಅಂತಿದೆ, ನಿಮ್ಮಲ್ಲಿ ಎಷ್ಟು ಆಗುತ್ತೆ? ಮೂಲೆ, ಕಿಟಕಿ ಬಂದರೆ ಎಷ್ಟು ಕಡಿಮೆ ಆಗುತ್ತೆ? ಎಂಥ ಇಂಜಿನಿಯರ್ ಬಂದರೆ ನಿಮಗೆ ಕೆಲಸ ಸಲೀಸು? ನಮ್ಮಲ್ಲಿ ಬಂದಿದ್ದ ಒಬ್ಬರು ಈ ಕೊನೇ ಪ್ರಶ್ನೆಗೆ, "ಬೆಳಗ್ಗೆ ಎಂಟಕ್ಕೆ ಇವತ್ತು ಏನು ಅಂತ ಹೇಳಿಬಿಡೋರು. ಹತ್ತೂವರೆಗೆ ಬಂದು ಬೇರೆ ಮಾಡು ಅಂದರೆ ನಮ್ಮ ಕೂಲಿ ನಿಮ್ಮ ದುಡ್ಡು ಎರಡೂ ಮಣ್ಣು" ಅಂದರು. ಹುಡುಗರು ಬರೆದುಕೊಂಡರು, ನಾನೂ ಬರೆದುಕೊಂಡೆ.

ಕಾರ್ಮಿಕರ ಕಾರ್ಡಿನ ವಿಷಯವೂ ಇಲ್ಲೇ ಬರಲಿ. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬಹುದು. ಬಿಲ್ಲಿನಲ್ಲಿ ಹಿಡಿದ ಆ ಶೇಕಡ 1 ಸೆಸ್ ಹೋಗೋದು ಆ ಮಂಡಳಿಗೇ.

ಸಮಯದ ಲೆಕ್ಕ

ಕೆಲಸಗಳ ಕ್ರಮ ಮತ್ತು ದಿನ ಲೆಕ್ಕ ಹಾಕುವ ವಿಧಾನಗಳಲ್ಲಿ ಸಿಪಿಎಂ ಬಂದದ್ದು 1957ರ ಹೊತ್ತಿಗೆ ಡುಪಾಂಟ್ ಕಂಪನಿಯಲ್ಲಿ, ಪರ್ಟ್ ಬಂದದ್ದು 1958ರಲ್ಲಿ ಅಮೆರಿಕದ ನೌಕಾಪಡೆಯಲ್ಲಿ ಅಂತ ಹೇಳಿ ಬೇಗ ಮುಂದೆ ಹೋಗಿ. ಹುಡುಗರಿಗೆ ಲೆಕ್ಕ ಬರುತ್ತೆ, ಅದು ಕಷ್ಟವಲ್ಲ. ಆ ವೇಳಾಪಟ್ಟಿಯನ್ನು ನಗದು ಪಟ್ಟಿಯ ಪಕ್ಕ ಇಟ್ಟು ನೋಡೋದು ಕಷ್ಟ. ಕೆಲಸ ಒಂದು ವಾರ ಬೇಗ ಆದರೆ ಸಾಮಾನಿನ ದುಡ್ಡೂ ಒಂದು ವಾರ ಬೇಗ ಬೇಕಾಗುತ್ತೆ, ಇದು ಅವರಿಗೆ ಹೊಳೆದಿರಲ್ಲ.

ದೊಡ್ಡ ಉದಾಹರಣೆ ಬೇಕಿದ್ದರೆ ಕೊಂಕಣ ರೈಲ್ವೆ ತೆಗೆದುಕೊಳ್ಳಿ, ನಮ್ಮ ಕಾರವಾರ, ಉಡುಪಿಯ ಮೇಲೇ ಹೋಗುತ್ತೆ. 1990ರಲ್ಲಿ ಅದಕ್ಕೇ ಅಂತ ಬೇರೆ ನಿಗಮ ಮಾಡಿ, ಜನರಿಂದ ಬಾಂಡ್ ಮೂಲಕ ದುಡ್ಡು ಎತ್ತಿದರು. 1998ರ ಜನವರಿಯಲ್ಲಿ ಇಡೀ ದಾರಿಯಲ್ಲಿ ರೈಲು ಓಡಿತು. ಆ ನಿಗಮದ ಮುಖ್ಯಸ್ಥರಾಗಿದ್ದ ಇ. ಶ್ರೀಧರನ್ ಅವರು ಕೆಲಸದ ಜಾಗಗಳಲ್ಲಿ ಇನ್ನೆಷ್ಟು ದಿನ ಬಾಕಿ ಅಂತ ತೋರಿಸುವ ಹಿಂದಕ್ಕೆ ಎಣಿಸುವ ಗಡಿಯಾರ ಇಡಿಸಿದ್ದು ಪ್ರಸಿದ್ಧ. ನಮ್ಮ ಲ್ಯಾಬಿನ ಬಾಗಿಲಿಗೂ ಒಂದು ಕಾಗದ ಅಂಟಿಸಿದ್ದೇವೆ, ಕೀಲಿ ಕೊಡಲು ಬಾಕಿ ದಿನ ಇಷ್ಟು ಅಂತ. ದಿನಾ ಬೆಳಗ್ಗೆ ಬಂದವರು ಒಂದು ಕಡಿಮೆ ಮಾಡುತ್ತಾರೆ.

ಸೆಪ್ಟೆಂಬರ್ 15ಕ್ಕೆ ಇಂಜಿನಿಯರ್ಸ್ ಡೇ ಬರುತ್ತಲ್ಲ, ಆವತ್ತು ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕಿದ ಮೇಲೆ ಒಂದು ಗಂಟೆ ಇದಕ್ಕೆ ಕೊಡಿ. ಕೆಆರ್‌ಎಸ್ ಕಟ್ಟಿಸಿದವರು ಅಂತ ಎಲ್ಲರಿಗೂ ಗೊತ್ತು. ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಬ್ಯಾಂಕ್ ಶುರುವಾಗಲು ಅವರೇ ಕಾರಣ, ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಆಡಳಿತವನ್ನೂ ನೋಡಿಕೊಂಡರು ಅನ್ನೋದನ್ನು ಎಷ್ಟು ಹುಡುಗರು ಕೇಳಿದ್ದಾರೆ? ಅಣೆಕಟ್ಟೆಗೆ ನೀರಿನ ಲೆಕ್ಕ ಹಾಕಿದ ಮನುಷ್ಯರೇ ದುಡ್ಡಿನ ಲೆಕ್ಕವನ್ನೂ ಅಷ್ಟೇ ಶ್ರದ್ಧೆಯಿಂದ ಹಾಕಿದರು.

ಮಾರ್ಕ್ಸ್ ಹೇಗೆ ಕೊಡೋದು

ಥಿಯರಿ ಪರೀಕ್ಷೆ ಯೂನಿವರ್ಸಿಟಿಯದ್ದು, ಅದನ್ನು ಬಿಡಿ. ಇಂಟರ್ನಲ್ಸ್ ನಿಮ್ಮ ಕೈಯಲ್ಲಿದೆ. ನಾನು ತಂಡವನ್ನು ಕರೆದು ಅವರ ಪಟ್ಟಿಯಲ್ಲಿ ಒಂದೇ ಒಂದು ಸಂಖ್ಯೆ ಬದಲಾಯಿಸುತ್ತೇನೆ. ಲಿಂಟಲ್ ಕಂತು ಮೂರು ವಾರ ತಡ, ಅಥವಾ ಸಿಮೆಂಟ್ ಮೂಟೆಗೆ 30 ಜಾಸ್ತಿ. ಹದಿನೈದು ನಿಮಿಷದಲ್ಲಿ ಯಾವ ವಾರ ಕೆಂಪಾಗುತ್ತೆ, ಏನು ಮಾಡುತ್ತೀರಿ, ಯಾರಿಗೆ ಏನು ಬರೆಯುತ್ತೀರಿ ಹೇಳಬೇಕು. ಕಾಪಿ ಹೊಡೆದವರು ಇಲ್ಲಿ ತಕ್ಷಣ ಗೊತ್ತಾಗುತ್ತಾರೆ. ನಾಲ್ಕೂ ಜನ ಉತ್ತರ ಕೊಡಬೇಕು, ಒಬ್ಬರೇ ಮಾತಾಡಿದರೆ ಮಾರ್ಕ್ಸ್ ಅರ್ಧ. ನಷ್ಟವಾದ ತಂಡಕ್ಕೆ ಕಡಿಮೆ ಕೊಡಬೇಡಿ. ಯಾಕೆ ನಷ್ಟವಾಯಿತು, ಯಾವ ದಿನ ಗೊತ್ತಾಗಬೇಕಿತ್ತು ಅಂತ ಸರಿಯಾಗಿ ಹೇಳಿದರೆ ಪೂರ್ತಿ ಕೊಡಿ.

ಸೆಮಿಸ್ಟರ್ ಮುಗಿದಾಗ ಅವರು ತಂದ ರೇಟ್ ಪಟ್ಟಿ, ಕೊಟೇಶನ್, ಡೈರಿಗಳನ್ನೆಲ್ಲ ಒಂದು ಫೈಲಿನಲ್ಲಿ ಹಾಕಿ ಡಿಪಾರ್ಟ್‌ಮೆಂಟಲ್ಲಿ ಇಟ್ಟುಕೊಳ್ಳಿ. ಮುಂದಿನ ಬ್ಯಾಚಿಗೆ ಮೊದಲ ದಿನವೇ ಅದನ್ನು ಕೊಡಬೇಡಿ. ಅವರೂ ಅಂಗಡಿಗೆ ಹೋಗಿ ಬರಲಿ. ಬಂದ ಮೇಲೆ ಎರಡೂ ಪಟ್ಟಿಯನ್ನು ಪಕ್ಕ ಪಕ್ಕ ಇಟ್ಟು, ಒಂದು ವರ್ಷದಲ್ಲಿ ಯಾವುದು ಎಷ್ಟು ಬದಲಾಯಿತು ಅಂತ ಅವರಿಂದಲೇ ಲೆಕ್ಕ ಹಾಕಿಸಿ.